ಸಣ್ಣಕಥೆ, ಸಿದ್ಧಾಂತ ಮತ್ತು ವಿದ್ಯಾರ್ಥಿ: ಕೆಲವು ತಪ್ಪು ಕಲ್ಪನೆಗಳು

ಹತ್ತು ಪುಟದ ಕಥೆಯೊಂದನ್ನು ಓದಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನೂ ಕಥೆಗೆ ಕೊಡದೆ ನೇರವಾಗಿ ನೋಟ್ಸು, ಗೈಡುಗಳ ಕಡೆ ಹೋಗುವ ವಿದ್ಯಾರ್ಥಿಗಳು ಬಹಳ. ಎಂ.ಎ.ಗೆ ಬಂದರೆ ಸಾಹಿತ್ಯ ಸಿದ್ಧಾಂತದ ಪತ್ರಿಕೆ ಎದುರಾಗುತ್ತದೆ: ರಾಚನಿಕವಾದ, ಮನೋವಿಶ್ಲೇಷಣೆ, ಸ್ತ್ರೀವಾದ, ನಿರಚನೆ. ಕಥೆ ಒಂದು ಪತ್ರಿಕೆಯಲ್ಲಿ, ಸಿದ್ಧಾಂತ ಇನ್ನೊಂದರಲ್ಲಿ. ಪರೀಕ್ಷೆ ಮುಗಿಯುವವರೆಗೂ ಎರಡಕ್ಕೂ ಭೇಟಿಯಾಗುವುದಿಲ್ಲ. ಇದನ್ನು ವಿದ್ಯಾರ್ಥಿಗಳ ಸೋಮಾರಿತನ ಎಂದು ತಳ್ಳಿಹಾಕುವುದು ಅನ್ಯಾಯ. ಕಲಿಸುವವರು, ಪ್ರಶ್ನೆಪತ್ರಿಕೆ ತಯಾರಿಸುವವರು, ಗೈಡು ಬರೆಯುವವರು ಎಲ್ಲರೂ ಸೇರಿ ಬೆಳೆಸಿದ ಕೆಲವು ತಪ್ಪು ತಿಳಿವಳಿಕೆಗಳು ಇದರ ಹಿಂದಿವೆ. ಬಹುಪಾಲು ಪರಿಚಿತವಾದ ಕಥೆಗಳನ್ನೇ ಮುಂದಿಟ್ಟುಕೊಂಡು ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಕಥೆಯ ನೀತಿ ಹೇಳಿದರೆ ವ್ಯಾಖ್ಯಾನ ಮುಗಿಯಿತು

ಗಿ ದ ಮೊಪಾಸಾನ 'ನೆಕ್ಲೇಸ್' ಕಥೆ ಪ್ರಕಟವಾದದ್ದು 1884ರಲ್ಲಿ. ನಮ್ಮ ಕಾಲೇಜುಗಳಲ್ಲಿ ಅದಕ್ಕೆ ಸಿಗುವ ಉತ್ತರ ಒಂದೇ ಸಾಲಿನದು: ಆಡಂಬರದ ಆಸೆ ಮನುಷ್ಯನನ್ನು ಹಾಳುಮಾಡುತ್ತದೆ. ಗುಮಾಸ್ತನ ಹೆಂಡತಿ ಮಥಿಲ್ಡ್ ಲ್ವಾಸೆಲ್ ಗೆಳತಿಯಿಂದ ವಜ್ರದ ಹಾರ ಎರವಲು ತಂದಳು, ಕಳೆದುಕೊಂಡಳು, ಹತ್ತು ವರ್ಷ ದುಡಿದು ಸಾಲ ತೀರಿಸಿದಳು, ಕೊನೆಗೆ ಆ ಹಾರ ನಕಲಿ ಎಂದು ತಿಳಿಯಿತು. ಆದ್ದರಿಂದ ಇದ್ದುದರಲ್ಲಿ ತೃಪ್ತಿಪಡಬೇಕು.

ಈಗ ಕಥೆಯನ್ನು ತೆರೆದು ಅದರಲ್ಲಿರುವ ಹಣದ ಲೆಕ್ಕವನ್ನಷ್ಟೇ ಗಮನಿಸಿ. ಸಮಾರಂಭದ ಉಡುಪಿಗೆ 400 ಫ್ರಾಂಕ್. ಅದು ಗಂಡ ಬೇಸಿಗೆಯಲ್ಲಿ ಗೆಳೆಯರೊಂದಿಗೆ ಬೇಟೆಗೆ ಹೋಗಲು ಬಂದೂಕು ಕೊಳ್ಳಬೇಕೆಂದು ಕೂಡಿಟ್ಟಿದ್ದ ಹಣ. ಬದಲಿ ಹಾರಕ್ಕೆ ಅಂಗಡಿಯವನು ಹೇಳಿದ್ದು 40,000, ಕೊಟ್ಟದ್ದು 36,000. ಅದರಲ್ಲಿ 18,000 ಗಂಡನಿಗೆ ತಂದೆಯಿಂದ ಬಂದದ್ದು. ಉಳಿದದ್ದು ಪೂರ್ತಿ ಸಾಲ, ಬಡ್ಡಿಯವರ ಸಾಲವೂ ಸೇರಿ. ಕೆಲಸದವಳನ್ನು ಬಿಡಿಸುತ್ತಾರೆ, ಛಾವಣಿ ಕೆಳಗಿನ ಸಣ್ಣ ಮನೆಗೆ ಹೋಗುತ್ತಾರೆ. ಕಚೇರಿ ಮುಗಿಸಿ ಬಂದ ಗಂಡ ರಾತ್ರಿ ಕೂತು ಪುಟಕ್ಕೆ ಐದು ಸೂ ಲೆಕ್ಕದಲ್ಲಿ ನಕಲು ಬರೆಯುತ್ತಾನೆ. ನಾಲ್ಕು ಪುಟ ಬರೆದರೆ ಒಂದು ಫ್ರಾಂಕು. ಕೊನೆಯಲ್ಲಿ ಗೆಳತಿ ಹೇಳುವ ನಕಲಿ ಹಾರದ ಬೆಲೆ ಹೆಚ್ಚೆಂದರೆ 500.

ದುರಾಸೆಯ ನೀತಿ ಹೇಳುವುದಷ್ಟೇ ಉದ್ದೇಶವಾಗಿದ್ದರೆ ಇಷ್ಟು ಲೆಕ್ಕ ಯಾಕೆ ಬೇಕಿತ್ತು? ಹಾರ ಕಳೆದ ಮೇಲೆ ದಂಪತಿ ಗೆಳತಿಗೆ ನಿಜ ಹೇಳುವುದಿಲ್ಲ. ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಎಂದು ಕಾಗದ ಬರೆಯುತ್ತಾರೆ. ಅಂದೇ ನಿಜ ಹೇಳಿದ್ದರೆ 500 ಫ್ರಾಂಕಿಗೆ ವಿಷಯ ಮುಗಿಯುತ್ತಿತ್ತು. ಹೇಳಲು ಬಿಡದೆ ಇದ್ದದ್ದು ಆಡಂಬರವಲ್ಲ, ಕೆಳಗಿನವರು ಮೇಲಿನವರ ಮುಂದೆ ಪಡುವ ನಾಚಿಕೆ. ಇನ್ನೂ ಒಂದು ಮಾತಿದೆ. ಹಣವಂತರ ಮನೆಯ ಒಡವೆ ನಕಲಿ ಇರಬಹುದು ಎಂಬ ಅನುಮಾನ ಲ್ವಾಸೆಲ್ ದಂಪತಿಗೆ ಒಮ್ಮೆಯೂ ಬರುವುದಿಲ್ಲ. ಬದಲಿ ಹಾರ ಕೈಗೆ ಬಂದಾಗ ಗೆಳತಿ ಪೆಟ್ಟಿಗೆ ತೆರೆದೂ ನೋಡುವುದಿಲ್ಲ. ಒಬ್ಬರಿಗೆ ಜೀವನದ ಹತ್ತು ವರ್ಷವಾದದ್ದು ಇನ್ನೊಬ್ಬರಿಗೆ ತೆರೆಯದ ಪೆಟ್ಟಿಗೆ. ಮಾರ್ಕ್ಸ್‌ವಾದಿ ವಿಮರ್ಶೆ ಕೇಳುವ ಪ್ರಶ್ನೆಗಳು ಇಂಥವೇ: ಇಲ್ಲಿ ಯಾರ ಶ್ರಮ, ಯಾರ ಬೆಲೆ, ಬೆಲೆ ನಿಗದಿ ಮಾಡಿದವರು ಯಾರು? ಈ ಪ್ರಶ್ನೆಗಳನ್ನು ಹೊರಗಿನಿಂದ ತರಬೇಕಾಗಿಲ್ಲ, ಮೊಪಾಸಾನೇ ಅಂಕಿಗಳಲ್ಲಿ ಬರೆದಿಟ್ಟಿದ್ದಾನೆ.

ನೀತಿ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಥಿಲ್ಡ್‌ಗೆ ಆಡಂಬರದ ಆಸೆ ಇದೆ, ನಿಜ. ಆದರೆ ಗೆಳತಿಯ ಕೊನೆಯ ಮಾತಿನ ನಂತರ ಕಥೆ ಒಂದು ಅಕ್ಷರವೂ ಮುಂದೆ ಹೋಗುವುದಿಲ್ಲ. ಮಥಿಲ್ಡ್ ಅತ್ತಳೋ, ಉಳಿದ ಹಣ ವಾಪಸು ಕೇಳಿದಳೋ ಗೊತ್ತಿಲ್ಲ. ಲೇಖಕ ತೀರ್ಪು ಕೊಡದೆ ನಿಲ್ಲಿಸಿದ ಜಾಗದಲ್ಲಿ ನಾವು ಅವಸರದಿಂದ ತೀರ್ಪು ಬರೆದು ಹತ್ತು ಅಂಕ ಪಡೆಯುತ್ತೇವೆ.

ತಪ್ಪು ಕಲ್ಪನೆ: ಕಥೆಯಲ್ಲಿ 'ನಾನು' ಎಂದರೆ ಲೇಖಕರೇ

ಮಾಸ್ತಿಯವರ 'ಮೊಸರಿನ ಮಂಗಮ್ಮ'ನನ್ನು ಓದಿದ ಮೇಲೆ ಈ ಮಾತು ಹೇಳುವುದು ಕಷ್ಟ. ಮಾಸ್ತಿ ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದವರು. ಕಥೆ ಹೇಳುತ್ತಿರುವುದು ಬೆಂಗಳೂರಿನ ಒಬ್ಬ ಗೃಹಿಣಿ. ಹಳ್ಳಿಯಿಂದ ಮೊಸರು ತರುವ ಮಂಗಮ್ಮ ಅವಳ ಬಾಗಿಲಲ್ಲಿ ಕೂತು ಸೊಸೆಯ ಜೊತೆಗಿನ ಜಗಳವನ್ನು ಹೇಳಿಕೊಳ್ಳುತ್ತಾಳೆ. ಮೊದಲು ನಮಗೆ ಸಿಗುವುದು ಅತ್ತೆಯ ಪಕ್ಷ ಮಾತ್ರ. ಸೊಸೆ ನಂಜಮ್ಮನ ಮಾತು ಬರುವುದು ತಡವಾಗಿ. ಬಂದಾಗ, ಅದುವರೆಗೆ ಒಂದೇ ಬಾಯಿಂದ ಕೇಳಿದ್ದನ್ನೆಲ್ಲ ಓದುಗ ಮತ್ತೊಮ್ಮೆ ತೂಗಿ ನೋಡಬೇಕಾಗುತ್ತದೆ. ಅತ್ತೆ ಸೊಸೆಯರಲ್ಲಿ ಯಾರು ಸರಿ ಎನ್ನುವುದಕ್ಕಿಂತ, ಯಾರ ಮಾತನ್ನು ಮೊದಲು ಕೇಳಿದೆವು ಎನ್ನುವುದು ನಮ್ಮ ತೀರ್ಮಾನವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮಾಸ್ತಿ ಸದ್ದಿಲ್ಲದೆ ತೋರಿಸಿದ್ದಾರೆ.

'ರಂಗನ ಮದುವೆ'ಯಲ್ಲಿ ನಿರೂಪಕ ಶ್ಯಾಮ. ಊರಿನ ಬಗ್ಗೆ ಅವನಿಗೆ ಹೆಮ್ಮೆ, ಮಾತಿನಲ್ಲಿ ಉಲ್ಲಾಸ. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ರಂಗನನ್ನು ಮದುವೆಗೆ ಒಪ್ಪಿಸುವ ಆಟವನ್ನು ಅವನು ಎಷ್ಟು ಚೆನ್ನಾಗಿ ಹೇಳುತ್ತಾನೆಂದರೆ ನಾವೂ ಅವನ ಜೊತೆ ನಗುತ್ತೇವೆ. ಆದರೆ ರಂಗನ ವಧು ರತ್ನಳಿಗೆ ಹನ್ನೊಂದು ವರ್ಷ. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಶ್ಯಾಮ ತೋರಿಸಿದಷ್ಟೇ ನಮಗೆ ಗೊತ್ತು. ಇಂದಿನ ವಿದ್ಯಾರ್ಥಿನಿ ಅಲ್ಲಿ ನಿಂತು ಪ್ರಶ್ನೆ ಕೇಳಿದರೆ ಅದು ಮಾಸ್ತಿಯವರಿಗೆ ಮಾಡಿದ ಅವಮಾನವಲ್ಲ, ಶ್ಯಾಮನಿಗೆ ಕೇಳಿದ ಪ್ರಶ್ನೆ. ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರ ತಮ್ಮ ಗ್ರಂಥದಲ್ಲಿ ಲೇಖಕ ಬೇರೆ, ನಿರೂಪಕ ಬೇರೆ ಎಂಬುದನ್ನು ವಿಸ್ತಾರವಾಗಿ ಬಿಡಿಸಿಟ್ಟರು. ನಂಬಲಾಗದ ನಿರೂಪಕ ಎಂಬ ಪರಿಕಲ್ಪನೆ ನಮಗೆ ಬಂದದ್ದು ಅಲ್ಲಿಂದ. ಈ ಒಂದು ವ್ಯತ್ಯಾಸ ತಿಳಿದರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುತ್ತದೆ.

ತಪ್ಪು ಕಲ್ಪನೆ: ಲೇಖಕರ ಉದ್ದೇಶ ಗೊತ್ತಾದರೆ ಅದೇ ಕೊನೆಯ ಮಾತು

ಚೆಕಾಫ್ 1899ರಲ್ಲಿ ಪ್ರಕಟಿಸಿದ 'ಡಾರ್ಲಿಂಗ್' ಕಥೆಯ ಒಲೆಂಕಾಗೆ ಸ್ವಂತ ಅಭಿಪ್ರಾಯವೇ ಇಲ್ಲ. ನಾಟಕ ಕಂಪನಿ ನಡೆಸುವವನನ್ನು ಮದುವೆಯಾದಾಗ ಜಗತ್ತಿನಲ್ಲಿ ನಾಟಕಕ್ಕಿಂತ ದೊಡ್ಡದಿಲ್ಲ. ಅವನು ಸತ್ತು ಮರದ ವ್ಯಾಪಾರಿ ಗಂಡನಾಗಿ ಬಂದಾಗ ನಾಟಕ ಕ್ಷುಲ್ಲಕ, ಮರದ ದಿಮ್ಮಿಯ ಬೆಲೆಯೇ ಮುಖ್ಯ. ಆಮೇಲೆ ಪಶುವೈದ್ಯ ಬರುತ್ತಾನೆ. ದನಗಳ ರೋಗದ ಮಾತು. ಕೊನೆಗೆ ಶಾಲೆಗೆ ಹೋಗುವ ಹುಡುಗ, ಅವನ ಪಾಠದ ಕಷ್ಟಗಳೇ ಅವಳ ಮಾತು.

ಟಾಲ್‌ಸ್ಟಾಯ್‌ಗೆ ಈ ಕಥೆ ಬಹಳ ಇಷ್ಟ. ತನ್ನ ಸಂಕಲನವೊಂದಕ್ಕೆ ಅದನ್ನು ಸೇರಿಸಿಕೊಂಡು ಹಿನ್ನುಡಿಯನ್ನೂ ಬರೆದ. ಅವನ ವಾದ ಕುತೂಹಲದ್ದು. ಚೆಕಾಫ್ ಈ ಹೆಣ್ಣನ್ನು ಗೇಲಿ ಮಾಡಲು ಹೊರಟ, ಆದರೆ ಬೈಬಲ್ಲಿನ ಬಿಳಾಮ ಶಪಿಸಲು ಬಂದು ಆಶೀರ್ವದಿಸಿದ ಹಾಗೆ ಅವಳನ್ನು ಎತ್ತರಕ್ಕೇರಿಸಿಬಿಟ್ಟ. ಅಂದರೆ ಲೇಖಕ ಅಂದುಕೊಂಡದ್ದು ಒಂದು, ಕಥೆ ಮಾಡಿದ್ದು ಇನ್ನೊಂದು ಎಂದು ಹೇಳುತ್ತಿರುವುದು ಸ್ವತಃ ಮಹಾಲೇಖಕ. ಒಲೆಂಕಾಳ ಸರ್ವಾರ್ಪಣೆಯೇ ಹೆಣ್ಣಿನ ಆದರ್ಶ ಎಂಬ ಟಾಲ್‌ಸ್ಟಾಯ್ ಓದನ್ನು ನಾನು ಒಪ್ಪುವುದಿಲ್ಲ. ಒಬ್ಬಳೇ ಉಳಿದಾಗ ಅವಳಿಗೆ ಕಣ್ಣೆದುರಿನ ವಸ್ತುವಿನ ಬಗ್ಗೆಯೂ ಏನು ಹೇಳಬೇಕೆಂದು ತೋಚದ ಭಾಗ ನನಗೆ ಭಯ ಹುಟ್ಟಿಸುತ್ತದೆ. ಆದರೆ ಅವನೂ ನಾನೂ ಜಗಳವಾಡಬೇಕಾದದ್ದು ಕಥೆಯ ಪುಟಗಳ ಮೇಲೆ. ಚೆಕಾಫ್‌ನ ಮನಸ್ಸಿನೊಳಗೆ ಇಣುಕಲು ಇಬ್ಬರಿಗೂ ದಾರಿಯಿಲ್ಲ. ಅಮೆರಿಕದ ವಿದ್ವಾಂಸರಾದ ವಿಮ್ಸಾಟ್ ಮತ್ತು ಬಿಯರ್ಡ್ಸ್‌ಲಿ 1946ರ ಲೇಖನದಲ್ಲಿ ವಾದಿಸಿದ್ದು ಹೆಚ್ಚು ಕಡಿಮೆ ಇದನ್ನೇ: ಕೃತಿಯ ಬೆಲೆ ಕಟ್ಟಲು ಲೇಖಕರ ಉದ್ದೇಶ ಅಳತೆಗೋಲಾಗದು.

ಇದರ ಬೆನ್ನಿಗೇ ಉಲ್ಟಾ ತಪ್ಪೊಂದು ಓಡಾಡುತ್ತಿದೆ. ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ಪ್ರಕಟಿಸಿದ 'ಲೇಖಕನ ಸಾವು' ಲೇಖನದ ಹೆಸರನ್ನಷ್ಟೇ ಕೇಳಿದವರು, ಲೇಖಕ ಸತ್ತ ಮೇಲೆ ಓದುಗನೇ ರಾಜ, ಪಠ್ಯವನ್ನು ಅಷ್ಟಾಗಿ ನೋಡಬೇಕಾಗಿಲ್ಲ ಎಂದುಕೊಂಡಿದ್ದಾರೆ. ಆ ಲೇಖನ ಶುರುವಾಗುವುದೇ ಬಾಲ್ಜಾಕ್ 1830ರಲ್ಲಿ ಬರೆದ 'ಸರ‍್ರಾಸೀನ್' ಕಥೆಯ ಒಂದು ವಾಕ್ಯದಿಂದ: ಈ ವಾಕ್ಯವನ್ನು ಹೀಗೆ ಆಡುತ್ತಿರುವವರು ಯಾರು ಎಂಬ ಪ್ರಶ್ನೆಯೊಂದಿಗೆ. ಆಮೇಲೆ ಬಾರ್ತ್ ಅದೇ ಕಥೆಯನ್ನು 1968 ಮತ್ತು 1969ರ ಎರಡು ವರ್ಷ ವಿದ್ಯಾರ್ಥಿಗಳೊಂದಿಗೆ ಕೂತು ಓದಿದ. 1970ರಲ್ಲಿ ಹೊರಬಂದ 'ಎಸ್/ಝಡ್' ಪುಸ್ತಕದಲ್ಲಿ ಆ ಒಂದು ಕಥೆಯನ್ನು 561 ತುಣುಕುಗಳಾಗಿ ಬಿಡಿಸಿ, ಐದು ಸಂಕೇತವ್ಯವಸ್ಥೆಗಳ ಬೆಳಕಿನಲ್ಲಿ ಒಂದೊಂದನ್ನೂ ವಿವರಿಸಿದ. ಲೇಖಕನ ಸಾವನ್ನು ಸಾರಿದವನು ಕಥೆಯ ಒಂದು ಪದವನ್ನೂ ಕಡೆಗಣಿಸಲಿಲ್ಲ. ಇದನ್ನು ತರಗತಿಯಲ್ಲಿ ಮೊದಲ ದಿನವೇ ಹೇಳಬೇಕು.

ತಪ್ಪು ಕಲ್ಪನೆ: ಕಥೆಯಲ್ಲಿ ಬರುವ ಪ್ರತಿಯೊಂದು ವಸ್ತುವೂ ಸಂಕೇತ

ನವ್ಯದ ಕಾಲದಿಂದ ನಮಗೆ ಅಂಟಿಕೊಂಡ ಅಭ್ಯಾಸ ಇದು. ಮಳೆ ಬಂದರೆ ಶುದ್ಧಿ, ಬೆಂಕಿ ಬಂದರೆ ಕಾಮ, ಕನ್ನಡಿ ಬಂದರೆ ಅಸ್ಮಿತೆ. ಚೆಕಾಫ್‌ನದೇ 'ನಾಯಿಯ ಜೊತೆಗಿನ ಮಹಿಳೆ' ಕಥೆಯಲ್ಲಿ ಗುರೋವ್ ಮತ್ತು ಆನ್ನಾ ಮೊದಲ ಬಾರಿ ಕೂಡಿದ ನಂತರ ಅವಳು ಪಶ್ಚಾತ್ತಾಪದಲ್ಲಿ ಕುಗ್ಗಿ ಕೂತಿದ್ದಾಳೆ. ಮೇಜಿನ ಮೇಲೆ ಕಲ್ಲಂಗಡಿ ಇದೆ. ಗುರೋವ್ ಒಂದು ಹೋಳು ಕತ್ತರಿಸಿ ನಿಧಾನವಾಗಿ ತಿನ್ನುತ್ತಾನೆ. ಅರ್ಧ ಗಂಟೆ ಮೌನ.

ಇದನ್ನು ಈಡನ್ ತೋಟದ ಹಣ್ಣು ಎಂದು ಬರೆದವರಿಗೆ ಅಂಕ ಸಿಗಬಹುದು. ಆದರೆ ಆ ಹೋಳಿಗೆ ಹಾಗೆ ಅರ್ಥ ಅಂಟಿಸಿದ ಕೂಡಲೇ ಕಲ್ಲಂಗಡಿ ಮಾಯವಾಗುತ್ತದೆ. ಅಲ್ಲಿ ನಡೆಯುತ್ತಿರುವುದನ್ನು ನೋಡಿ: ಹೆಂಗಸೊಬ್ಬಳು ತನ್ನ ಬದುಕೇ ಕೆಟ್ಟಿತು ಎಂದುಕೊಂಡಿದ್ದಾಳೆ, ಗಂಡಸು ಹಣ್ಣು ತಿನ್ನುತ್ತಿದ್ದಾನೆ. ಅವನಿಗೆ ಇದು ಹಿಂದೆ ಆದಂಥದ್ದೇ ಇನ್ನೊಂದು ಸಂಬಂಧ. ಮುಂದೆ ಮಾಸ್ಕೋದಲ್ಲಿ ಇದೇ ಗುರೋವ್ ತಡೆಯಲಾರದೆ ಕ್ಲಬ್ಬಿನ ಪರಿಚಿತನೊಬ್ಬನಿಗೆ ಆನ್ನಾಳ ವಿಷಯ ಹೇಳಲು ಹೊರಟಾಗ ಆತ ಊಟದ ಮೀನು ಸ್ವಲ್ಪ ಹಳಸಿತ್ತು ಎಂಬ ಮಾತೆತ್ತುತ್ತಾನೆ. ಅಂದು ಗುರೋವ್ ಆನ್ನಾಳಿಗೆ ಕೊಟ್ಟ ಉದಾಸೀನ ಇಂದು ಅವನಿಗೇ ವಾಪಸು ಬಂದಿದೆ. ಎರಡು ತಿನಿಸುಗಳ ನಡುವೆ ಮನುಷ್ಯನೊಬ್ಬ ಬದಲಾಗಿದ್ದಾನೆ. ವಸ್ತು ಏನನ್ನು ಸೂಚಿಸುತ್ತದೆ ಎಂದು ಕೇಳುವ ಮೊದಲು ಅದು ಕಥೆಯಲ್ಲಿ ಏನು ಮಾಡುತ್ತಿದೆ ಎಂದು ಕೇಳಬೇಕು.

ತಪ್ಪು ಕಲ್ಪನೆ: ಸಿದ್ಧಾಂತ ಎಂದರೆ ಕಥೆಗೆ ಹಚ್ಚುವ ಹಣೆಪಟ್ಟಿ

ಹೆಣ್ಣು ಪಾತ್ರ ಕಷ್ಟಪಟ್ಟರೆ ಸ್ತ್ರೀವಾದಿ ಕಥೆ, ಬಡವ ಬಂದರೆ ಮಾರ್ಕ್ಸ್‌ವಾದಿ ಕಥೆ, ಕನಸು ಬಂದರೆ ಫ್ರಾಯ್ಡ್. ಹೀಗೆ ಬರೆದ ಉತ್ತರಗಳಲ್ಲಿ ಕಥೆಯ ಹೆಸರು ಬದಲಿಸಿದರೂ ಏನೂ ವ್ಯತ್ಯಾಸವಾಗುವುದಿಲ್ಲ.

ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ಹಳದಿ ಗೋಡೆಕಾಗದ' ಕಥೆಯಲ್ಲಿ ಬಾಣಂತನದ ನಂತರ ಮನಸ್ಸು ಕುಗ್ಗಿದ ಹೆಂಗಸನ್ನು ವೈದ್ಯನಾದ ಗಂಡ ಮಹಡಿಯ ಕೋಣೆಯಲ್ಲಿ ವಿಶ್ರಾಂತಿಗೆ ಇರಿಸುತ್ತಾನೆ. ಕಿಟಕಿಗೆ ಸರಳುಗಳಿವೆ. ಬರೆಯುವುದಕ್ಕೆ ಅಡ್ಡಿ. ಅವಳು ಗುಟ್ಟಾಗಿ ದಿನಚರಿ ಬರೆಯುತ್ತಾಳೆ. ಗೋಡೆಯ ಹಳದಿ ಕಾಗದದ ಚಿತ್ತಾರದ ಹಿಂದೆ ಒಬ್ಬ ಹೆಂಗಸು ತೆವಳುತ್ತಿರುವುದು ಅವಳಿಗೆ ಕಾಣತೊಡಗುತ್ತದೆ. ದಶಕಗಳ ಕಾಲ ಇದು ಮೈ ನಡುಗಿಸುವ ಭೀತಿಕಥೆಯಾಗಿ ಸಂಕಲನಗಳಲ್ಲಿ ಬರುತ್ತಿತ್ತು. 1973ರಲ್ಲಿ ಸ್ತ್ರೀವಾದಿ ಪ್ರಕಾಶನವೊಂದು ಮರುಮುದ್ರಿಸಿದ ಮೇಲೆ ಓದು ಬದಲಾಯಿತು.

ಬದಲಾದದ್ದು ಹಣೆಪಟ್ಟಿಯಲ್ಲ, ಗಮನ. ಗಂಡ ಬರುವ ಸದ್ದಾದಾಗ ಆ ದಿನಚರಿ ಅರ್ಧಕ್ಕೆ ನಿಲ್ಲುತ್ತದೆ. ಅವಳು ಹಾಳೆಯನ್ನು ಬಚ್ಚಿಡಬೇಕು. ಅಂದರೆ ನಾವು ಓದುತ್ತಿರುವ ಕಥೆಯ ಉದ್ದಗಲವನ್ನೇ ಗಂಡನ ಓಡಾಟ ನಿರ್ಧರಿಸುತ್ತಿದೆ. ತುಂಡು ತುಂಡು ಪ್ಯಾರಾಗಳು ಹುಚ್ಚಿನ ಲಕ್ಷಣ ಅಷ್ಟೇ ಅಲ್ಲ, ಕದ್ದು ಬರೆಯುವವಳ ಕೈಬರಹ. ಗಿಲ್ಮನ್‌ಗೂ ಅಂದಿನ ಪ್ರಸಿದ್ಧ ವೈದ್ಯ ಸೈಲಸ್ ವಿಯರ್ ಮಿಚೆಲ್ 1887ರಲ್ಲಿ ಇಂಥದೇ ವಿಶ್ರಾಂತಿ ಚಿಕಿತ್ಸೆ ಕೊಟ್ಟಿದ್ದ ಸಂಗತಿಯನ್ನು ತಿಳಿಯುವುದರಿಂದ ಕಥೆಗೆ ಬೆಲೆ ಕೂಡುತ್ತದೆ. ಆದರೆ ಆ ಸಂಗತಿ ಗೊತ್ತಿಲ್ಲದವರಿಗೂ ಅರ್ಧಕ್ಕೆ ನಿಂತ ವಾಕ್ಯ ಕಾಣಿಸುತ್ತದೆ. 1939ರಲ್ಲಿ, ಮೂವತ್ತು ತುಂಬುವ ಮೊದಲೇ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಗಳನ್ನೂ ನಾವು ಇದೇ ಎಚ್ಚರದಿಂದ ಓದಬೇಕು: ಅವರ ನಾಯಕಿಯರು ಏನು ಅನುಭವಿಸಿದರು ಎಂಬುದರ ಜೊತೆಗೆ, ಅದನ್ನು ಹೇಳಲು ಯಾವ ರೂಪ ಹುಡುಕಿಕೊಂಡರು ಎಂದು.

ತಪ್ಪು ಕಲ್ಪನೆ: ಸಾಹಿತ್ಯ ಸಿದ್ಧಾಂತ ಪಶ್ಚಿಮದಿಂದ ಬಂದದ್ದು

ನಮಗೆ ಉಳಿದುಬಂದಿರುವ ಕನ್ನಡದ ಮೊದಲ ಗ್ರಂಥ, ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ', ಒಂದು ಕಾವ್ಯಲಕ್ಷಣ ಗ್ರಂಥ. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ 'ಧ್ವನ್ಯಾಲೋಕ' ಬರೆದ. ಅದರಲ್ಲಿ ಅವನು ಕೊಡುವ ಒಂದು ಪ್ರಾಕೃತ ಪದ್ಯದ ಉದಾಹರಣೆ ನಾಲ್ಕು ಸಾಲಿನ ಸಣ್ಣಕಥೆಯೇ ಆಗಿದೆ. ಗೋದಾವರಿಯ ದಡದಲ್ಲಿ ಓಡಾಡುವ ಧರ್ಮಿಷ್ಠನೊಬ್ಬನಿಗೆ ಒಬ್ಬಳು ಹೆಂಗಸು ಧೈರ್ಯ ಹೇಳುತ್ತಾಳೆ: ನಿನ್ನನ್ನು ಹೆದರಿಸುತ್ತಿದ್ದ ನಾಯಿ ಈಗಿಲ್ಲ, ಪೊದೆಯಲ್ಲಿರುವ ಸಿಂಹ ಅದನ್ನು ಕೊಂದುಹಾಕಿದೆ, ನಿಶ್ಚಿಂತೆಯಿಂದ ಓಡಾಡು. ಮಾತು ಆಹ್ವಾನದ್ದು, ಅರ್ಥ ನಿಷೇಧದ್ದು. ನಾಯಿಗೆ ಹೆದರುವವನು ಸಿಂಹವಿದ್ದಲ್ಲಿಗೆ ಬಂದಾನೆಯೇ? ಆ ದಡ ಅವಳು ಪ್ರಿಯನನ್ನು ಸೇರುವ ಜಾಗ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು.

ಆನಂದವರ್ಧನ ಧ್ವನಿ ಎಂದು ಕರೆದ, ಹೇಳದೆ ಹೇಳುವ ಈ ಬಗೆಯನ್ನು ಕೈಯಲ್ಲಿಟ್ಟುಕೊಂಡು ಹೆಮಿಂಗ್ವೆ 1927ರಲ್ಲಿ ಪ್ರಕಟಿಸಿದ 'ಬಿಳಿ ಆನೆಗಳಂಥ ಬೆಟ್ಟಗಳು' ಓದಿ ನೋಡಿ. ಸ್ಪೇನಿನ ರೈಲು ನಿಲ್ದಾಣದಲ್ಲಿ ಒಂದು ಗಂಡು, ಒಂದು ಹೆಣ್ಣು. ರೈಲಿಗೆ ನಲವತ್ತು ನಿಮಿಷವಿದೆ. ಗರ್ಭಪಾತದ ಬಗ್ಗೆ ಇಡೀ ಮಾತುಕತೆ, ಆದರೆ ಆ ಪದ ಎಲ್ಲಿಯೂ ಇಲ್ಲ. ಧ್ವನಿಯನ್ನು ಒಪ್ಪದವರೂ ನಮ್ಮಲ್ಲೇ ಇದ್ದರು. ಹನ್ನೊಂದನೆಯ ಶತಮಾನದ ಮಹಿಮಭಟ್ಟ 'ವ್ಯಕ್ತಿವಿವೇಕ'ದಲ್ಲಿ, ನೀವು ಧ್ವನಿ ಎನ್ನುವುದೆಲ್ಲ ಅನುಮಾನವೇ, ಅಂದರೆ ತರ್ಕದಿಂದ ಊಹಿಸಿದ್ದೇ, ಎಂದು ವಾದಿಸಿದ.

ಹಾಗೆಂದು ಎಲ್ಲವೂ ನಮ್ಮಲ್ಲೇ ಇತ್ತು ಎಂಬ ಜಂಬಕ್ಕೂ ಆಧಾರವಿಲ್ಲ. ಮಥಿಲ್ಡ್‌ಳ ಸಾಲದ ಲೆಕ್ಕ ಕೇಳುವ ಅಭ್ಯಾಸ ಧ್ವನಿ ಸಿದ್ಧಾಂತಕ್ಕೆ ಇರಲಿಲ್ಲ. ರತ್ನಳ ವಯಸ್ಸನ್ನು ಅದು ಪ್ರಶ್ನಿಸುತ್ತಿರಲಿಲ್ಲ. ಆ ಪ್ರಶ್ನೆಗಳಿಗೆ ಬೇರೆ ಮೂಲಗಳಿಗೆ ಹೋಗಲೇಬೇಕು.

ತಪ್ಪು ಕಲ್ಪನೆ: ಯಾವ ಅರ್ಥ ಬೇಕಾದರೂ ಹೇಳಬಹುದು, ಎಲ್ಲವೂ ಸರಿ

ಎಡ್ಗರ್ ಅಲನ್ ಪೋ 1844ರಲ್ಲಿ ಬರೆದ 'ಕದ್ದ ಪತ್ರ'ದ ಸುತ್ತ ನಡೆದ ಜಗಳವನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ರಾಣಿಯ ಗುಟ್ಟಿನ ಪತ್ರವನ್ನು ಮಂತ್ರಿ ಅವಳ ಕಣ್ಣೆದುರೇ ಎಗರಿಸುತ್ತಾನೆ. ಪತ್ತೇದಾರ ದ್ಯುಪಾಂ ಅದನ್ನು ಮಂತ್ರಿಯ ಮನೆಯಿಂದ ಅದೇ ರೀತಿ ಎಗರಿಸುತ್ತಾನೆ. ಪತ್ರದಲ್ಲಿ ಏನಿತ್ತು ಎಂದು ಓದುಗರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಫ್ರೆಂಚ್ ಮನೋವಿಶ್ಲೇಷಕ ಲಕಾನ್ ಈ ಎರಡು ಕಳ್ಳತನಗಳಲ್ಲಿ ಒಂದೇ ಮೂರು ಸ್ಥಾನಗಳ ವಿನ್ಯಾಸ ಮರುಕಳಿಸುವುದನ್ನು ತೋರಿಸಿದ. 1975ರಲ್ಲಿ ತತ್ವಜ್ಞಾನಿ ಡೆರಿಡಾ ಅದನ್ನು ಖಂಡಿಸಿದ. ಅವನ ಮುಖ್ಯ ಆಕ್ಷೇಪಗಳಲ್ಲಿ ಒಂದು: ಈ ಕಥೆಯನ್ನು ಹೇಳುತ್ತಿರುವ ನಿರೂಪಕನನ್ನು ಲಕಾನ್ ಲೆಕ್ಕಕ್ಕೇ ಹಿಡಿದಿಲ್ಲ. 1977ರಲ್ಲಿ ವಿಮರ್ಶಕಿ ಬಾರ್ಬರಾ ಜಾನ್ಸನ್ ಇಬ್ಬರ ಓದನ್ನೂ ಎದುರಿಟ್ಟು, ಡೆರಿಡಾ ಎಲ್ಲಿ ಎಡವಿದ ಎಂದು ಪರಿಶೀಲಿಸಿದಳು.

ನಿರಚನೆಯ ಹೆಸರಿನೊಂದಿಗೆ ಜನ ಜೋಡಿಸುವ ಡೆರಿಡಾ, ಇನ್ನೊಬ್ಬ ವಿದ್ವಾಂಸನ ಮೇಲೆ ಹೊರಿಸಿದ ಆರೋಪ ನೀನು ಪಠ್ಯವನ್ನು ಪೂರ್ತಿ ಓದಿಲ್ಲ ಎಂಬುದು. ಎಲ್ಲ ಅರ್ಥವೂ ಸರಿಯಾಗಿದ್ದರೆ ಆ ಆರೋಪಕ್ಕೆ ತೂಕವೇ ಇರುತ್ತಿರಲಿಲ್ಲ. ಒಂದು ಕಥೆಗೆ ಹಲವು ಒಳ್ಳೆಯ ಓದುಗಳಿರುತ್ತವೆ, ತಪ್ಪು ಓದುಗಳೂ ಇರುತ್ತವೆ. ತಪ್ಪೆಂದು ತೋರಿಸುವುದು ಕಥೆಯ ಸಾಲುಗಳೇ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಪಠ್ಯದ ಒಂದು ಕಥೆಯನ್ನು ನೋಟ್ಸು ಮುಟ್ಟುವ ಮೊದಲು ಎರಡು ಸಲ ಓದಿ. ಮೊದಲ ಸಲ ಸುಮ್ಮನೆ ಓದಿ, ಎರಡನೆಯ ಸಲ ಪೆನ್ಸಿಲ್ ಹಿಡಿದು ಅರ್ಥವಾಗದ, ಕಿರಿಕಿರಿಯೆನಿಸಿದ, ಯಾಕೆ ಇಲ್ಲಿದೆ ಎನಿಸಿದ ಸಾಲುಗಳಿಗೆ ಗೆರೆ ಹಾಕಿ. ಯಾವ ಸಿದ್ಧಾಂತದ ಪ್ರಶ್ನೆ ಆ ಸಾಲುಗಳನ್ನು ತೆರೆಯುತ್ತದೆ ಎಂದು ಆಮೇಲೆ ಹುಡುಕಿ. ಅಧ್ಯಾಪಕರು 'ಕಥೆಯ ಆಶಯವನ್ನು ವಿವರಿಸಿ' ಎಂಬ ಪ್ರಶ್ನೆಯನ್ನು ಒಂದು ವರ್ಷವಾದರೂ ಬಿಟ್ಟು, ಕಥೆಯ ಒಂದು ಪ್ಯಾರಾವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಅದರ ಬಗ್ಗೆ ಕೇಳಲಿ. ಆ ಪ್ರಶ್ನೆಗೆ ಉತ್ತರ ಗೈಡಿನಲ್ಲಿ ಸಿಗುವುದಿಲ್ಲ.